ಸಾಕುಬೆಕ್ಕಿನ ಆಹಾರನಿಯಮ: ಸಾಸ್ತಾನದ ಸುತ್ತಿನ ಮನೆಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

1. ಪೀಠಿಕೆ

ಅರಸರ ದಿಗ್ವಿಜಯ, ದೇವಾಲಯಗಳ ದತ್ತಿ, ಬಂದರುಗಳ ಸುಂಕ ಇವನ್ನು ಕುರಿತು ಬರೆಯುವುದು ಚರಿತ್ರಕಾರನಿಗೆ ರೂಢಿಯಾದ ಕೆಲಸ. ಒಲೆಯ ಬಳಿ ಮಲಗುವ ಬೆಕ್ಕು ಏನನ್ನು ತಿನ್ನುತ್ತದೆ, ಏನನ್ನು ಮೂಸಿ ನೋಡಿ ಬಿಟ್ಟುಹೋಗುತ್ತದೆ ಎಂಬುದು ಅವನ ಗಮನಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಆದರೆ ಮನೆಯೊಂದರ ಆರ್ಥಿಕ ಸ್ಥಿತಿ, ಆಚಾರ, ನೆರೆಹೊರೆಯ ಸಂಬಂಧ ಇವೆಲ್ಲವೂ ಅಡಿಗೆಮನೆಯಲ್ಲಿ ಬಂದು ಸೇರುತ್ತವೆ. ಆ ಅಡಿಗೆಮನೆಯಲ್ಲಿ ಮನುಷ್ಯರ ಜೊತೆಗೆ ಊಟಕ್ಕೆ ಕಾದು ಕುಳಿತಿರುವ ಪ್ರಾಣಿ ಬೆಕ್ಕೊಂದೇ. ಆದುದರಿಂದ ಅದರ ತಟ್ಟೆಯನ್ನು ನೋಡಿದರೆ ಮನೆಯ ಚರಿತ್ರೆಯ ಒಂದಂಶವಾದರೂ ತಿಳಿಯಬಹುದೆಂಬ ನಂಬಿಕೆಯಿಂದ ನಾವು ಈ ವಿವೇಚನೆಗೆ ತೊಡಗಿದ್ದೇವೆ.

ಮುದ್ದಿನಿಂದ ಸಾಕಿದ ಬೆಕ್ಕಿನ ಬಗ್ಗೆ ಇಂದು ಎಲ್ಲೆಡೆಯೂ ಕೇಳಿಬರುವ ದೂರು ಒಂದೇ: ಹಾಕಿದ್ದನ್ನು ತಿನ್ನುವುದಿಲ್ಲ. ನಿನ್ನೆ ಆಸೆಪಟ್ಟು ತಿಂದ ಮೀನನ್ನು ಇಂದು ಮುಟ್ಟುವುದಿಲ್ಲ. ಹಾಲಿಗೆ ಮೂಗು ತಾಗಿಸಿ ಹಿಂದೆ ಸರಿಯುತ್ತದೆ. ಒಂದು ಬಗೆಯ ತಿನಿಸು ತೀರಿ ಇನ್ನೊಂದನ್ನು ಬಡಿಸಿದರೆ ಉಪವಾಸ ಕೂರುತ್ತದೆ. ಇದನ್ನು ಜನ ಬೆಕ್ಕಿನ ಮದವೆಂದೂ, ಸಾಕಿದವರ ಮುದ್ದು ಹೆಚ್ಚಾದುದರ ಫಲವೆಂದೂ ಹೇಳುವರು. ನಮ್ಮ ಅಭಿಪ್ರಾಯ ಬೇರೆ. ಬೆಕ್ಕು ಆರಿಸಿ ತಿನ್ನುವ ಸ್ವಭಾವ ಬಹು ಹಳೆಯದು. ಅದರ ಮೇಲಿನ ದೂರು ಮಾತ್ರ ಹೊಸದು. ಈ ದೂರು ಹೇಗೆ ಹುಟ್ಟಿತೆಂಬುದನ್ನು ಸಾಸ್ತಾನದ ಸುತ್ತಲಿನ ಪ್ರದೇಶವನ್ನು ಮುಂದಿಟ್ಟುಕೊಂಡು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಪ್ರದೇಶ ಮತ್ತು ಅಕ್ಕಿಯ ಮನೆಗಳು

ಸಾಸ್ತಾನವು ಬ್ರಹ್ಮಾವರಕ್ಕೂ ಕೋಟ-ಸಾಲಿಗ್ರಾಮಗಳಿಗೂ ನಡುವೆ ಹೆದ್ದಾರಿಯ ಮೇಲಿರುವ ಊರು. ಐರೋಡಿ, ಪಾಂಡೇಶ್ವರ, ಗುಂಡ್ಮಿ ಇವು ಅದರ ನೆರೆಯ ಗ್ರಾಮಗಳು. ದಕ್ಷಿಣಕ್ಕೆ ಮಾಬುಕಳದಲ್ಲಿ ಸೀತಾನದಿ. ಪಶ್ಚಿಮಕ್ಕೆ ಕೋಡಿ ಕನ್ಯಾಣದ ಮರಳುದಂಡೆ ಮತ್ತು ಸಮುದ್ರ. ನದಿಯು ಸಮುದ್ರವನ್ನು ಸೇರುವ ಅಳಿವೆಯ ಬಳಿ ಹಂಗಾರಕಟ್ಟೆಯ ಬಂದರು. ಹೆಚ್ಚು ದೂರವಿಲ್ಲದೆ, ಆಳುಪರ ರಾಜಧಾನಿಯಾಗಿದ್ದು ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಸ್ಥಾನವೂ ಆಗಿದ್ದ ಬಾರಕೂರು ಇದೆ. ಹೀಗೆ ಒಂದು ಕಡೆ ಗದ್ದೆ, ಒಂದು ಕಡೆ ಕಡಲು, ನಡುವೆ ಹೊಳೆ, ಪಕ್ಕದಲ್ಲಿ ಹಳೆಯ ರಾಜಧಾನಿ ಇವು ಕೂಡಿರುವ ನೆಲವಿದು.

ಈ ನೆಲದ ಸಂಪತ್ತೆಂದರೆ ಅಕ್ಕಿ. 1342ರ ಸುಮಾರಿಗೆ ಈ ಕರಾವಳಿಗೆ ಬಂದ ಇಬ್ನ್ ಬತೂತನು ಫಾಕನೂರೆಂದು ಕರೆದಿರುವ ಅಳಿವೆಯ ಪಟ್ಟಣವು ಬಾರಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಾದುಹೋಗುವ ಹಡಗುಗಳು ಅಲ್ಲಿ ತಂಗಿ ಅರಸನಿಗೆ ಕಾಣಿಕೆ ಸಲ್ಲಿಸಲೇಬೇಕಾಗಿತ್ತೆಂದು ಅವನು ಬರೆದಿದ್ದಾನೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸನಾದ ಬಾರ್ಬೋಸನು ಇದನ್ನೇ ಬಕನೂರೆಂದು ಕರೆದು, ಇಲ್ಲಿಂದ ಒಳ್ಳೆಯ ಅಕ್ಕಿ ಹೇರಳವಾಗಿ ಹೊರದೇಶಗಳಿಗೆ ಹೋಗುತ್ತಿದ್ದುದನ್ನು ಹೇಳುತ್ತಾನೆ. 1801ರ ಆದಿಯಲ್ಲಿ ಮಂಗಳೂರಿನಿಂದ ಉತ್ತರಕ್ಕೆ ಕುಂದಾಪುರ, ಬೈಂದೂರುಗಳ ಮಾರ್ಗವಾಗಿ ಪ್ರಯಾಣ ಮಾಡಿದ ಬುಕನನ್ನನ ಬರೆಹದಲ್ಲಿಯೂ ಗದ್ದೆ, ಬೆಳೆ, ಗೇಣಿಗಳ ವಿಚಾರವೇ ಪ್ರಧಾನ. ಅಕ್ಕಿ ಎಲ್ಲಿ ರಾಶಿಯಾಗಿ ನಿಲ್ಲುತ್ತದೆಯೋ ಅಲ್ಲಿ ಇಲಿ ಬರುತ್ತದೆ. ಇಲಿ ಬಂದಲ್ಲಿಗೆ ಬೆಕ್ಕು ಬರುತ್ತದೆ. ಈ ಮೂರರ ಸಂಬಂಧವು ನಮ್ಮ ಕರಾವಳಿಗಿಂತಲೂ ಬಹು ಹಳೆಯದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲಿ ಹೂಳಲ್ಪಟ್ಟ ಬೆಕ್ಕಿನ ಎಲುಬುಗಳು ದೊರೆತುದನ್ನು 2004ರಲ್ಲಿ ಪ್ರಕಟಿಸಿದ ಪುರಾತತ್ತ್ವಜ್ಞರು ಅದರ ಕಾಲವನ್ನು ಸುಮಾರು 9,500 ವರ್ಷಗಳ ಹಿಂದಕ್ಕೆ ಇಟ್ಟಿದ್ದಾರೆ. ಲೋಕದ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ವಂಶದವು ಎಂಬುದನ್ನು 2007ರ ವಂಶವಾಹಿ ಸಂಶೋಧನೆಯು ತೋರಿಸಿತು. ಧಾನ್ಯವನ್ನು ಕೂಡಿಡಲು ಕಲಿತ ಮನುಷ್ಯನ ಕಣಜದ ಬಳಿಗೆ ಅದು ತಾನಾಗಿಯೇ ಬಂದಿತೆಂದೂ, ಹಡಗುಗಳನ್ನೇರಿ ದೇಶಾಂತರಕ್ಕೆ ಹೋಯಿತೆಂದೂ ಈಗ ಸಾಮಾನ್ಯವಾಗಿ ಒಪ್ಪಲಾಗಿದೆ.

ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿಯನ್ನು ಇಡುತ್ತಿದ್ದ ಕ್ರಮವನ್ನು ಇಲ್ಲಿ ನೆನೆಯಬೇಕು. ಭತ್ತಕ್ಕೆ ಮರದ ಪಣತ, ಅಥವಾ ಹುಲ್ಲಿನ ಹಗ್ಗವನ್ನು ಸುತ್ತಿ ಕಟ್ಟಿದ ತಿರಿ. ಅಕ್ಕಿಗೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ. ಮುಡಿಯೆಂಬುದು ಕೇವಲ ಕಟ್ಟಲ್ಲ, ಅಳತೆಯೂ ಹೌದು. ಈ ಪ್ರದೇಶದ ಶಾಸನಗಳಲ್ಲಿ ದೇವರ ನೈವೇದ್ಯಕ್ಕೂ ಬ್ರಾಹ್ಮಣ ಭೋಜನಕ್ಕೂ ಬಿಟ್ಟ ಅಕ್ಕಿಯನ್ನು ಮುಡಿಯಲ್ಲಿಯೂ ಹಾನೆಯಲ್ಲಿಯೂ ಎಣಿಸಿದೆ. ಗೇಣಿದಾರನು ಧಣಿಗೆ ಸಲ್ಲಿಸಬೇಕಾದುದನ್ನು ಲೆಕ್ಕ ಹಾಕುತ್ತಿದ್ದುದೂ ಮುಡಿಯಿಂದಲೇ. ಹುಲ್ಲು, ಹಗ್ಗ, ಅಕ್ಕಿ ಇವು ಕೂಡಿದ ಮುಡಿಗಿಂತ ಇಲಿಗೆ ಒಪ್ಪುವ ವಸತಿ ಬೇರೊಂದಿರಲಾರದು. ನಾಲ್ಕು ತಿಂಗಳ ಮಳೆಗಾಲದಲ್ಲಿ ಅಟ್ಟದ ಮೇಲಿನ ಮುಡಿಗಳನ್ನು ಇಲಿ ಹೆಗ್ಗಣಗಳಿಂದ ಕಾಯುವುದು ಮನೆಯ ಯಜಮಾನನ ನಿದ್ದೆಗೆಡಿಸುವ ಚಿಂತೆಯಾಗಿತ್ತು. ಆ ಚಿಂತೆಯನ್ನು ಹಂಚಿಕೊಂಡ ಪ್ರಾಣಿಯೇ ಬೆಕ್ಕು. ಅದು ಆಗ ಮುದ್ದಿನ ಪ್ರಾಣಿಯಲ್ಲ, ಮನೆಯ ಉದ್ಯೋಗಿ.

ಈ ಉದ್ಯೋಗಿಯ ಹೆಸರುಗಳು ಕೂಡ ವಿಚಾರಾರ್ಹ. ಕನ್ನಡದ ಬೆಕ್ಕು ಎಂಬುದರ ಹಿಂದಿನ ರೂಪ ಬೆರ್ಕು. ಇದಕ್ಕೆ ಸಂವಾದಿಯಾದ ತಮಿಳಿನ ವೆರುಕು ಎಂಬುದಕ್ಕೆ ಗಂಡುಬೆಕ್ಕು, ಕಾಡುಬೆಕ್ಕು ಎಂಬ ಅರ್ಥಗಳಿವೆ. ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಕೊಂಕಣಿಯ ಮಾಜರ ಸಂಸ್ಕೃತದ ಮಾರ್ಜಾರದಿಂದ ಬಂದುದು. ತನ್ನ ಮೈಯನ್ನು ಮಾರ್ಜನ ಮಾಡಿಕೊಳ್ಳುವುದೆಂದು ಅದರ ವ್ಯುತ್ಪತ್ತಿ. ಸಾಸ್ತಾನದ ಪೇಟೆಯಲ್ಲಿ ಈ ಭಾಷೆಗಳನ್ನಾಡುವ ಜನರೆಲ್ಲರೂ ಕಾಣಸಿಗುವುದರಿಂದ, ಒಂದೇ ಬೆಕ್ಕು ಮೂರು ಮನೆ ತಿರುಗಿದರೆ ಮೂರು ಹೆಸರು ಪಡೆಯುತ್ತದೆ. ಹೆಸರಿನಂತೆ ಅದರ ಊಟವೂ ಮನೆಯಿಂದ ಮನೆಗೆ ಬದಲಾಗುತ್ತದೆ.

3. ಎರಡು ಬಗೆಯ ಅಡಿಗೆಮನೆ

ಸಾಲಿಗ್ರಾಮದ ಗುರುನರಸಿಂಹನನ್ನು ಆರಾಧಿಸುವ ಕೋಟ ಬ್ರಾಹ್ಮಣರ ಮನೆಗಳಲ್ಲಿ ಬೆಕ್ಕಿಗೆ ಸಿಗುವುದು ಅನ್ನ, ಹಾಲು, ಮಜ್ಜಿಗೆ, ಹಬ್ಬದ ದಿನ ತುಪ್ಪದ ಕಾಳು. ಕಡಲಂಚಿನ ಮೊಗವೀರರ ಮನೆಗಳಲ್ಲಿ ಬೂತಾಯಿ, ಬಂಗುಡೆಗಳ ತಲೆ, ಕರುಳು, ಮುಳ್ಳು. ಬಂಟರು, ಬಿಲ್ಲವರು, ಕ್ರೈಸ್ತರು, ಮುಸಲ್ಮಾನರು ಇವರ ಮನೆಗಳಲ್ಲಿಯೂ ಮೀನಿನ ಸಾರೇ ನಿತ್ಯದ ಊಟ. ಈ ಎರಡು ಬಗೆಯ ಅಡಿಗೆಮನೆಗಳ ನಡುವಿನ ಅಂತರ ಕೆಲವು ಕಡೆ ಒಂದು ತೋಡು, ಒಂದು ಗದ್ದೆಯ ಅಂಚು ಮಾತ್ರ. ಮನುಷ್ಯರು ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಹೊಗದಿದ್ದ ಕಾಲದಲ್ಲಿ ಬೆಕ್ಕು ಈ ಅಂಚನ್ನು ದಿನಕ್ಕೆರಡು ಬಾರಿ ದಾಟುತ್ತಿತ್ತು. ಬೆಳಿಗ್ಗೆ ಒಂದು ಮನೆಯ ಮಜ್ಜಿಗೆ, ಮಧ್ಯಾಹ್ನ ಇನ್ನೊಂದು ಮನೆಯ ಮೀನಿನ ತಲೆ, ರಾತ್ರಿ ಯಾರದೋ ಅಟ್ಟದ ಇಲಿ. ಇದು ಅದರ ದಿನಚರಿ.

ಸಸ್ಯಾಹಾರಿಗಳ ಮನೆಯಲ್ಲಿ ಬೆಕ್ಕಿನ ಸ್ಥಾನವು ವಿಚಿತ್ರವಾದುದು. ಮಾಂಸವನ್ನು ಮುಟ್ಟದ ಮನೆಯು ಇಲಿಯನ್ನು ಕೊಲ್ಲುವ ಪ್ರಾಣಿಯನ್ನು ಬೇಕೆಂದೇ ಇಟ್ಟುಕೊಂಡಿತು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಬೆಕ್ಕಿನ ಎಂಜಲನ್ನು ತಿಂದವನಿಗೆ ಪ್ರಾಯಶ್ಚಿತ್ತವಿದೆ. ಬೆಕ್ಕನ್ನು ಕೊಂದವನಿಗೂ ಪ್ರಾಯಶ್ಚಿತ್ತವಿದೆ. ಕೊಂದ ಪಾಪಕ್ಕೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆಯು ನಮ್ಮ ನಾಡಿನಲ್ಲೆಲ್ಲ ಪ್ರಚಾರದಲ್ಲಿದೆ. ಎಂದರೆ ಎಂಜಲು ನಿಷಿದ್ಧ, ಕೊಲೆಯೂ ನಿಷಿದ್ಧ. ಆದರೆ ಅದರ ಓಡಾಟಕ್ಕೆ ಅಡ್ಡಿಯಿಲ್ಲ. ನಾಯಿ ಅಂಗಳದಲ್ಲಿ ನಿಂತರೆ, ಬೆಕ್ಕು ಮಡಿಯವರ ಮಗ್ಗುಲಲ್ಲೇ ಕುಳಿತಿರುತ್ತಿತ್ತು. ಶ್ರಾದ್ಧದ ದಿನ ಹಾಲು ತುಪ್ಪಗಳಿಗೆ ಬಾಯಿ ಹಾಕದಿರಲೆಂದು ಒಬ್ಬನು ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟನೆಂದೂ, ಅದನ್ನು ಕಂಡು ಬೆಳೆದ ಮಗನು ಮನೆಯಲ್ಲಿ ಬೆಕ್ಕಿಲ್ಲದಿದ್ದರೂ ಶ್ರಾದ್ಧಕ್ಕೆಂದು ಬೆಕ್ಕೊಂದನ್ನು ತರಿಸಿ ಬುಟ್ಟಿಯಡಿ ಮುಚ್ಚಿದನೆಂದೂ ಹೇಳುವ ಕಥೆಯನ್ನು ಕೇಳದವರಿಲ್ಲ. ಅರ್ಥವರಿಯದ ಆಚಾರವನ್ನು ಹಾಸ್ಯ ಮಾಡುವುದು ಆ ಕಥೆಯ ಉದ್ದೇಶವಾದರೂ, ಅಡಿಗೆಮನೆಯಲ್ಲಿ ಬೆಕ್ಕು ಇದ್ದೇ ಇರುತ್ತಿತ್ತೆಂಬುದಕ್ಕೆ ಅದೇ ಸಾಕ್ಷಿ.

ಈ ಮನೆಗಳ ಜೀವನವನ್ನು ತಿಳಿಯಲು ಸಾಹಿತ್ಯದ ಆಧಾರವೂ ಇದೆ. ನೆರೆಯ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯು ಕೋಡಿಯ ಬ್ರಾಹ್ಮಣ ಮನೆತನವೊಂದರ ಮೂರು ತಲೆಮಾರುಗಳ ಕಥೆ. ಉಪ್ಪುನೀರಿನ ಅಂಚಿನ ಗದ್ದೆಯಲ್ಲಿ ದುಡಿದು, ಅಕ್ಕಿಯನ್ನು ಎಣಿಸಿ ಬಳಸುತ್ತಿದ್ದ ಸಂಸಾರವನ್ನು ಅದರಲ್ಲಿ ಕಾಣುತ್ತೇವೆ. ಅಂತಹ ಮನೆಯಲ್ಲಿ ಬೆಕ್ಕಿನ ಪಾಲಿಗೆ ಬೀಳುತ್ತಿದ್ದುದು ಉಳಿದ ತುತ್ತು ಮಾತ್ರವೆಂದು ನಾವು ಧಾರಾಳವಾಗಿ ಊಹಿಸಬಹುದು. ಆ ತುತ್ತನ್ನು ಬೆಕ್ಕು ತಿಂದರೂ ಸರಿ, ಬಿಟ್ಟರೂ ಸರಿ. ಬಿಟ್ಟರೆ ಅದಕ್ಕೆ ಅಟ್ಟದ ಮೇಲೆ ಬೇರೆ ಊಟವಿತ್ತು. ಮನೆಯವರಿಗೂ ಅದರ ಉಪವಾಸದ ಚಿಂತೆಯಿರಲಿಲ್ಲ.

ಕಡಲಂಚಿನ ಮನೆಗಳಲ್ಲಿ ಸ್ಥಿತಿ ಬೇರೆಯಾಗಿತ್ತು. ನೂರಾರು ಜನ ಕೂಡಿ ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಬೂತಾಯಿ, ಬಂಗುಡೆಗಳು ಮರಳಿನ ಮೇಲೆ ರಾಶಿ ಬೀಳುತ್ತಿದ್ದವು. ಹೆಚ್ಚಾದುದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಮನುಷ್ಯನು ಮೀನನ್ನು ಗೊಬ್ಬರ ಮಾಡುವಷ್ಟು ಸಮೃದ್ಧಿಯಿರುವಾಗ ಬೆಕ್ಕು ಆರಿಸಿ ತಿಂದರೆ ಅಚ್ಚರಿಯೇನು? ಮಳೆಗಾಲ ಬಂದು ಕಡಲಿಗೆ ಇಳಿಯಲಾಗದಿದ್ದಾಗ ಒಣಮೀನಿನ ತುಂಡೇ ಅದಕ್ಕೂ ಗತಿ. ಹೀಗೆ ಅದರ ರುಚಿಯು ಋತುವಿನೊಡನೆ ಏರಿಳಿಯುತ್ತಿತ್ತು.

ಈ ಸಂದರ್ಭದಲ್ಲಿ ಗಾದೆಗಳ ಸಾಕ್ಷ್ಯವನ್ನೂ ಗಮನಿಸಬೇಕು. ಕನ್ನಡದ ಗಾದೆಗಳನ್ನು ಶ್ರದ್ಧೆಯಿಂದ ಕೂಡಿಸಿದವರಲ್ಲಿ ಬಾಸೆಲ್ ಮಿಶನ್ನಿನವರು ಮುಖ್ಯರು. 1894ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಕಿಟ್ಟೆಲರ ನಿಘಂಟಿನಲ್ಲಿಯೂ ಗಾದೆಗಳಿಗೆ ಹೇರಳವಾದ ಸ್ಥಾನವಿದೆ. ಜನರ ಬಾಯಲ್ಲಿರುವ ಬೆಕ್ಕಿನ ಗಾದೆಗಳನ್ನು ನೋಡಿದರೆ, ಅಲ್ಲಿನ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ. ಇಲಿಯ ಪ್ರಾಣಸಂಕಟದಲ್ಲಿ ಚೆಲ್ಲಾಟವಾಡುವ ಕ್ರೂರಿ. ಮಹಾಭಾರತದ ಉದ್ಯೋಗಪರ್ವದಲ್ಲಿ ಅದು ತಪಸ್ವಿಯ ವೇಷ ತೊಟ್ಟು ಇಲಿಗಳನ್ನು ನಂಬಿಸಿ ತಿಂದ ಕಪಟಿ. ಮಹಾಬಲಿಪುರದ ಏಳನೆಯ ಶತಮಾನದ ಬಂಡೆಶಿಲ್ಪದಲ್ಲಿ ಅದೇ ಬೆಕ್ಕು ಮುಂಗಾಲುಗಳನ್ನೆತ್ತಿ ತಪಸ್ಸಿಗೆ ನಿಂತಿದೆ. ಕಳ್ಳತನ, ಕ್ರೌರ್ಯ, ಕಪಟ ಈ ಮೂರು ದೋಷಗಳನ್ನೂ ಪೂರ್ವಿಕರು ಬೆಕ್ಕಿಗೆ ಆರೋಪಿಸಿದರು. ಮೂರೂ ಅತಿಯಾದ ಆಸೆಯಿಂದ ಹುಟ್ಟುವ ದೋಷಗಳು. ಹಾಕಿದ್ದನ್ನು ತಿನ್ನದೆಂಬ ನಾಲ್ಕನೆಯ ದೋಷ, ನಾವು ಕೇಳಿ ಬಲ್ಲ ಗಾದೆಗಳಲ್ಲಿ ಇಲ್ಲ. ತನ್ನ ಊಟವನ್ನು ತಾನೇ ಹುಡುಕಿಕೊಳ್ಳುತ್ತಿದ್ದ ಪ್ರಾಣಿಯ ಮೇಲೆ ಆ ದೂರಿಗೆ ಅವಕಾಶವೇ ಇರಲಿಲ್ಲ.

4. ಹಾಲನ್ನು ಒಲ್ಲದ ಬೆಕ್ಕಿನ ಕಥೆ

ಇದಕ್ಕೆ ಒಂದು ಪ್ರಸಿದ್ಧವಾದ ಅಪವಾದವಿದೆ. ಬಾರಕೂರು ಯಾವ ಸಾಮ್ರಾಜ್ಯಕ್ಕೆ ಸೇರಿತ್ತೋ ಆ ವಿಜಯನಗರದ ರಾಜಧಾನಿಗೆ ಸಂಬಂಧಿಸಿದ ಕಥೆಯದು. ತುಳುವ ವಂಶದ ಕೃಷ್ಣದೇವರಾಯನು (ಆಳ್ವಿಕೆ 1509-1529) ಇಲಿಗಳ ಕಾಟವನ್ನು ನಿವಾರಿಸಲು ಮನೆಮನೆಗೂ ಒಂದು ಬೆಕ್ಕಿನ ಮರಿಯನ್ನೂ, ಅದಕ್ಕೆ ಹಾಲೆರೆಯಲು ಒಂದು ಹಸುವನ್ನೂ ಕೊಡಿಸಿದನಂತೆ. ತೆನಾಲಿ ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಮರಿಯ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಮರಿ ಮತ್ತೆಂದೂ ಹಾಲಿನ ಹತ್ತಿರ ಸುಳಿಯಲಿಲ್ಲ. ಹಸುವಿನ ಹಾಲೆಲ್ಲ ರಾಮಕೃಷ್ಣನ ಮನೆಗೇ ಉಳಿಯಿತು. ಪರೀಕ್ಷೆಯ ದಿನ ಉಳಿದವರ ಬೆಕ್ಕುಗಳು ಕೊಬ್ಬಿ ಬಂದರೆ ಇವನ ಬೆಕ್ಕು ಬಡಕಲಾಗಿತ್ತು. ಇದು ಹಾಲನ್ನೇ ಒಲ್ಲದೆಂದು ಅವನು ಹೇಳಿ, ಸಭೆಯಲ್ಲಿ ಹಾಲಿಟ್ಟು ತೋರಿಸಿದನು. ಬೆಕ್ಕು ಓಡಿಹೋಯಿತು.

ಈ ಕಥೆಯು ಚರಿತ್ರೆಯ ಘಟನೆಯಲ್ಲ. ಜನರ ಬಾಯಲ್ಲಿ ಬೆಳೆದ ವಿನೋದ. ತೆಲುಗಿನಲ್ಲಿ ಪಾಂಡುರಂಗ ಮಾಹಾತ್ಮ್ಯವನ್ನು ಬರೆದ ಕವಿಯನ್ನೂ ಈ ವಿಕಟಕವಿಯನ್ನೂ ಒಬ್ಬನೇ ಎಂದು ಜನ ನಂಬಿದ್ದರೂ, ಅವನು ಕೃಷ್ಣದೇವರಾಯನ ಆಸ್ಥಾನದಲ್ಲಿ ಇದ್ದನೆಂಬುದನ್ನೇ ಸಂಶಯಿಸುವ ವಿದ್ವಾಂಸರುಂಟು. ಚರಿತ್ರೆಯ ಆಧಾರವನ್ನು ಹುಡುಕಿದರೆ ದೊರೆಯುವುದು ಬೇರೆಯೇ ಚಿತ್ರ. ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನ ವೃತ್ತಾಂತವನ್ನು ರಾಬರ್ಟ್ ಸ್ಯೂಯೆಲರು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದರು. ಅದರಲ್ಲಿ ಬೆಕ್ಕಿನ ಹೆಸರು ಬರುತ್ತದೆ. ಆದರೆ ಹಾಲು ಕುಡಿಯುವ ಬೆಕ್ಕಾಗಿಯಲ್ಲ. ದನದ ಮಾಂಸವೊಂದನ್ನುಳಿದು ಅರಸರು ಎಲ್ಲ ಬಗೆಯ ಮಾಂಸವನ್ನು ತಿನ್ನುವರೆಂದೂ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯ ಪ್ರಾಣಿಗಳು ಕೂಡ ಪೇಟೆಯಲ್ಲಿ ಜೀವಂತವಾಗಿಯೇ ಮಾರಾಟವಾಗುತ್ತಿದ್ದುವೆಂದೂ ನೂನಿಜನು ಬರೆದಿದ್ದಾನೆ. ಪರದೇಶದವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ಪ್ರಶ್ನೆ. ಆದರೆ ಕಥೆಯ ಬೆಕ್ಕಿಗೆ ಒಂದು ಹಸುವಿನ ಉಂಬಳಿಯಿದ್ದರೆ, ವೃತ್ತಾಂತದ ಬೆಕ್ಕು ತಾನೇ ಪೇಟೆಯ ಸರಕು. ಈ ವೈಷಮ್ಯವನ್ನು ವಾಚಕರು ಗಮನಿಸಬೇಕು.

ನಮ್ಮ ವಿಷಯಕ್ಕೆ ಕಥೆಯಿಂದಲೂ ಪ್ರಯೋಜನವಿದೆ. ಬೆಕ್ಕು ಹಾಲನ್ನು ಒಲ್ಲದೆ ಓಡಿತೆಂಬುದು ಅಲ್ಲಿ ಸಭೆಯೇ ಬೆರಗಾಗುವ ಸಂಗತಿ. ಕಾರಣ ಹೇಳಬೇಕಾದ ಸಂಗತಿ. ಆ ಕಾರಣವನ್ನು ಕಥೆಗಾರನು ಬೆಕ್ಕಿನ ಮದದಲ್ಲಿ ಹುಡುಕಲಿಲ್ಲ. ಮನುಷ್ಯನು ಅದಕ್ಕೆ ಮಾಡಿದುದರಲ್ಲಿ ಹುಡುಕಿದನು. ಬೆಕ್ಕಿನ ನಿರಾಕರಣೆಯ ಹಿಂದೆ ಮನೆಯವನ ಕೈವಾಡವಿದೆಯೆಂಬ ತಿಳಿವಳಿಕೆಯು ಈ ಹಾಸ್ಯಕಥೆಯಲ್ಲಿ ಅಡಗಿದೆ. ಒಮ್ಮೆ ನೋವು ತಂದ ಆಹಾರವನ್ನು ಪ್ರಾಣಿಗಳು ಮತ್ತೆ ಮುಟ್ಟದೆಂಬುದನ್ನು ಇಂದಿನ ವಿಜ್ಞಾನವೂ ಹೇಳುತ್ತದೆ.

5. ಬೆಕ್ಕಿನ ದೇಹಧರ್ಮ

ಇಲ್ಲಿ ವಿಜ್ಞಾನದ ನೆರವನ್ನು ಸ್ವಲ್ಪ ಪಡೆಯುವುದು ಅವಶ್ಯಕ. ನಾಯಿಯು ಮನುಷ್ಯನೊಡನೆ ಬಾಳಿ ಅನ್ನ ರೊಟ್ಟಿಗಳನ್ನು ಅರಗಿಸಿಕೊಳ್ಳಲು ಕಲಿಯಿತು, ಬೆಕ್ಕು ಕಲಿಯಲಿಲ್ಲ. ಅದು ಇಂದಿಗೂ ಮಾಂಸವನ್ನೇ ನಂಬಿದ ಪ್ರಾಣಿ. ಟಾರಿನ್ ಎಂಬ ವಸ್ತುವನ್ನು ಅದರ ದೇಹವು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ ಮೀನುಗಳಿಂದಲೇ ಬರಬೇಕು. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು ಕೆಡುತ್ತದೆಂದು 1975ರಲ್ಲಿಯೂ, ಹೃದಯವು ಬಲಗುಂದುತ್ತದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ತರಕಾರಿಯ ಕ್ಯಾರೋಟಿನನ್ನು ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಸಿಹಿಯನ್ನು ಅರಿಯುವ ನಾಲಗೆಯ ಅಂಗಕ್ಕೆ ಬೇಕಾದ ವಂಶವಾಹಿಯು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ತಿಳಿದುಬಂತು. ಎಂದರೆ ಹಬ್ಬದ ಪಾಯಸದ ಮುಂದೆ ಬೆಕ್ಕು ಕುಳಿತಿದ್ದರೆ ಅದು ಬೆಲ್ಲಕ್ಕಾಗಿ ಅಲ್ಲ, ತುಪ್ಪ ಹಾಲುಗಳ ಜಿಡ್ಡಿಗಾಗಿ. ಮೀನಿನ ಸಾರದ ರುಚಿಯನ್ನು ಅರಿಯುವ ಶಕ್ತಿ ಮಾತ್ರ ಅದಕ್ಕೆ ಚೆನ್ನಾಗಿಯೇ ಇದೆ. ಟ್ಯೂನಾ ಮೀನಿನಲ್ಲಿರುವ ಸತ್ತ್ವಗಳು ಬೆಕ್ಕಿಗೆ ವಿಶೇಷವಾಗಿ ಪ್ರಿಯವೆಂಬುದಕ್ಕೆ 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಾರಣವನ್ನು ಒದಗಿಸಿದೆ.

ಹಾಲಿನ ವಿಷಯದಲ್ಲಿ ಸಂಪ್ರದಾಯವೇ ನಮ್ಮನ್ನು ದಾರಿ ತಪ್ಪಿಸಿದೆ. ಬೆಕ್ಕೆಂದರೆ ಹಾಲು ಎಂದು ಗಾದೆಯೂ ಕಥೆಯೂ ಹೇಳಿದರೂ, ಮರಿತನ ಕಳೆದ ಅನೇಕ ಬೆಕ್ಕುಗಳಿಗೆ ಹಸುವಿನ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಮೀನೊಂದೇ ಸಾಕೆಂಬುದೂ ತಪ್ಪು. ಹಸಿಮೀನನ್ನೇ ನಿತ್ಯವೂ ತಿಂದ ಬೆಕ್ಕಿಗೆ ಬಿ-1 ಜೀವಸತ್ತ್ವದ ಕೊರತೆ ಬರಬಹುದು. ಎಣ್ಣೆಮೀನಿನ ಅತಿಯಿಂದ ಇ ಜೀವಸತ್ತ್ವದ ಕೊರತೆಯ ರೋಗ ತಲೆದೋರಬಹುದು. ಹಳೆಯ ಬೆಕ್ಕು ಎರಡು ಮನೆಯ ತುತ್ತಿನ ಜೊತೆಗೆ ಇಲಿಯನ್ನೂ ತಿನ್ನುತ್ತಿದ್ದುದರಿಂದ ಈ ಕೊರತೆಗಳು ತಾವಾಗಿಯೇ ತುಂಬಿಹೋಗುತ್ತಿದ್ದವು. ಇಲಿಯೊಂದರಲ್ಲಿ ಬೆಕ್ಕಿಗೆ ಬೇಕಾದ ಸಕಲವೂ ಇದೆ. ಬೆಕ್ಕು ಒಂದೇ ಬಾರಿಗೆ ಹೊಟ್ಟೆ ತುಂಬ ಉಣ್ಣದೆ, ದಿನದಲ್ಲಿ ಹತ್ತಾರು ಬಾರಿ ಸ್ವಲ್ಪ ಸ್ವಲ್ಪವೇ ತಿನ್ನುವುದಕ್ಕೂ ಕಾರಣ ಇದೇ: ಒಂದು ಬೇಟೆ, ಒಂದು ತುತ್ತು. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದುಹೋದ ಬೆಕ್ಕು ಅನ್ನಕ್ಕೆ ಅಗೌರವ ತೋರಲಿಲ್ಲ. ತನ್ನ ಪೂರ್ವಿಕರ ಅಳತೆಯನ್ನು ಪಾಲಿಸಿತು.

ಇನ್ನು ಬೆಕ್ಕು ಆಹಾರವನ್ನು ತೀರ್ಮಾನಿಸುವುದು ಮೂಗಿನಿಂದ. ಆಗ ತಾನೆ ಕೊಂದ ಬೇಟೆಯ ಬಿಸಿ ಅದಕ್ಕೆ ಹಿತ. ಶೀತಪೆಟ್ಟಿಗೆಯಿಂದ ತೆಗೆದ ನಿನ್ನೆಯ ಬಂಗುಡೆಗೆ ಬಿಸಿಯೂ ಇಲ್ಲ, ವಾಸನೆಯೂ ಅಡಗಿದೆ. ಬೆಕ್ಕಿನ ಮಟ್ಟಿಗೆ ಅದು ನಿನ್ನೆಯ ಮೀನೇ ಅಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಬಾಲ್ಯದ ಅಭ್ಯಾಸ. 1970ರ ದಶಕದಲ್ಲಿ ವಿರ್ವಿಕಾ ಎಂಬ ವಿಜ್ಞಾನಿಯು ತಾಯಿಬೆಕ್ಕುಗಳಿಗೆ ಬಾಳೆಹಣ್ಣನ್ನು ತಿನ್ನಲು ಕಲಿಸಿದರು. ಅವುಗಳ ಮರಿಗಳು ಮಾಂಸವು ಹತ್ತಿರವಿದ್ದರೂ ತಾಯಿಯನ್ನು ನೋಡಿ ಬಾಳೆಹಣ್ಣನ್ನೇ ತಿಂದವು! ತಾಯಿ ತಿಂದುದೇ ಆಹಾರ, ಉಳಿದುದು ಅನುಮಾನಾಸ್ಪದ ಎಂಬುದು ಮರಿಯ ಮೊದಲ ಪಾಠ. ಆದುದರಿಂದ ಬ್ರಾಹ್ಮಣರ ಮನೆಯ ಬೆಕ್ಕು ಮೊಸರನ್ನವನ್ನು ಬಯಸುವುದೂ, ಮೊಗವೀರರ ಮನೆಯ ಬೆಕ್ಕು ಅದನ್ನು ಮೂಸದಿರುವುದೂ ಜಾತಿಯ ಗುಣವಲ್ಲ, ತಾಯಿಯ ಪಾಠ. ಆಹಾರದಿಂದಲೇ ಜನರನ್ನು ಬೇರ್ಪಡಿಸುವ ಸಮಾಜದಲ್ಲಿ ಈ ಮಾತಿಗೆ ಬೆಕ್ಕಿನ ಆಚೆಗೂ ಅರ್ಥವಿದೆಯೆಂದು ನಾವು ಭಾವಿಸುತ್ತೇವೆ.

6. ಉದ್ಯೋಗ ತಪ್ಪಿದ ಬೆಕ್ಕು

ಸ್ವಭಾವ ಇಷ್ಟು ಹಳೆಯದಾಗಿರುವಾಗ ದೂರು ಏಕೆ ಹೊಸದಾಗಿ ಹುಟ್ಟಿತು? ಉತ್ತರವು ಕಳೆದ ಐವತ್ತು ವರ್ಷಗಳ ನಮ್ಮ ಗ್ರಾಮಚರಿತ್ರೆಯಲ್ಲಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಶಾಸನವು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಗೇಣಿಯ ಮುಡಿಗಳು ಧಣಿಗಳ ಮನೆಗೆ ಬರುವುದು ನಿಂತಿತು. ಉತ್ತವನಿಗೆ ನೆಲ ಸಿಕ್ಕಿತೆಂಬುದು ನ್ಯಾಯವಾದ ವಿಷಯ. ಅದರ ಮಹತ್ತ್ವವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಾವು ಹೇಳಬೇಕಾದುದು ಇಷ್ಟೇ: ದೊಡ್ಡ ಮನೆಗಳ ಪಣತಗಳು ಬರಿದಾದವು. ಮುಂದೆ ಗಿರಣಿಯ ಅಕ್ಕಿ ಗೋಣಿಚೀಲದಲ್ಲಿ ತಿಂಗಳು ತಿಂಗಳಿಗೆ ಬರತೊಡಗಿತು. ಮುಡಿ ಕಟ್ಟಬಲ್ಲವರು ವಿರಳವಾದರು. ಮುಳಿಹುಲ್ಲಿನ ಮಾಡು ಹೋಗಿ ಹೆಂಚು ಬಂದು, ಹೆಂಚೂ ಹೋಗಿ ಕಾಂಕ್ರೀಟು ಬಂದಿತು. ಅಟ್ಟವಿಲ್ಲದ ಮನೆಯಲ್ಲಿ ಇಲಿಗೆ ನೆಲೆಯಿಲ್ಲ. ಇಲಿಯಿಲ್ಲದ ಮನೆಯಲ್ಲಿ ಬೆಕ್ಕಿಗೆ ಕೆಲಸವಿಲ್ಲ.

ಕಡಲಂಚಿನಲ್ಲಿಯೂ ಇದೇ ಕಾಲದಲ್ಲಿ ಬದಲಾವಣೆಯಾಯಿತು. 1970ರ ದಶಕದ ನಡುವಿನಿಂದ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆಗಳು ಬಂದು ರಂಪಣಿಯ ಕಾಲ ಮುಗಿಯುತ್ತ ಬಂದಿತು. ಮೀನು ಊರ ಮರಳದಂಡೆಯ ಬದಲು ಮಲ್ಪೆ, ಗಂಗೊಳ್ಳಿಗಳಂಥ ಬಂದರುಗಳಲ್ಲಿ ಇಳಿದು, ಮಂಜುಗಡ್ಡೆಯಲ್ಲಿ ಕೂತು ದೂರದ ಊರುಗಳಿಗೆ ಹೋಗತೊಡಗಿತು. ಹಿಂದೆ ಗೊಬ್ಬರವಾಗುತ್ತಿದ್ದ ಬೂತಾಯಿಗೆ ಬೆಲೆ ಬಂದಿತು. ಈಗ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ; ಆ ದಿನಗಳಲ್ಲಿ ತಾಜಾ ಮೀನನ್ನು ಕೊಳ್ಳುವುದು ಮನುಷ್ಯರಿಗೇ ಭಾರ. ಮೀನಿನ ತಲೆಯನ್ನು ಬೆಕ್ಕಿಗೆ ಎಸೆಯುವ ಕೈ ಅಳತೆ ನೋಡತೊಡಗಿತು.

ಹೀಗೆ ಅಟ್ಟದ ಇಲಿ, ದಂಡೆಯ ಮೀನು, ನೆರೆಮನೆಯ ತುತ್ತು ಎಂಬ ಮೂರು ಆಧಾರಗಳಲ್ಲಿ ಮೊದಲಿನೆರಡು ಕುಗ್ಗಿದವು. ಮನೆಗಳಿಗೆ ಆವರಣದ ಗೋಡೆ ಬಂದು, ಹೆದ್ದಾರಿ ಅಗಲವಾಗಿ ವಾಹನಗಳ ಭಯ ಹೆಚ್ಚಿ, ಬೆಕ್ಕನ್ನು ಬಾಗಿಲೊಳಗೇ ಇಟ್ಟು ಸಾಕುವವರಾದುದರಿಂದ ಮೂರನೆಯದೂ ಹೋಯಿತು. ಉಳಿದುದು ಮನೆಯೊಡತಿಯಿಡುವ ಒಂದೇ ತಟ್ಟೆ. ಮೂರು ಕಡೆ ಉಂಡು ಎಲ್ಲಿಯೂ ಲೆಕ್ಕಕ್ಕೆ ಸಿಗದಿದ್ದ ಪ್ರಾಣಿಯು ಒಂದೇ ತಟ್ಟೆಯ ಮುಂದೆ ಕುಳಿತಾಗ, ಅದರ ಪ್ರತಿಯೊಂದು ನಿರಾಕರಣೆಯೂ ಎಲ್ಲರ ಕಣ್ಣಿಗೆ ಬಿದ್ದಿತು. ಹಿಂದೆ ಅನ್ನವನ್ನು ಬಿಟ್ಟ ಬೆಕ್ಕು ಇಲಿ ಹಿಡಿಯಲು ಹೋಯಿತೆಂದು ಜನ ತಿಳಿದರು. ಇಂದು ಅನ್ನವನ್ನು ಬಿಟ್ಟ ಬೆಕ್ಕು ಹಟ ಹಿಡಿಯಿತೆಂದು ತಿಳಿಯುತ್ತಾರೆ. ಬೆಕ್ಕು ಬದಲಾಗಲಿಲ್ಲ, ಅದರ ಸುತ್ತಲಿನ ಮನೆ ಬದಲಾಯಿತು.

ಈಚಿನ ದಶಕಗಳಲ್ಲಿ ಪೊಟ್ಟಣದ ಒಣ ತಿನಿಸು ಪೇಟೆಯ ಅಂಗಡಿಗಳಿಗೂ ಬಂದಿದೆ. ಒಳ್ಳೆಯ ತಯಾರಿಕೆಗಳಲ್ಲಿ ಟಾರಿನ್ ಮುಂತಾದ ಅವಶ್ಯಕ ವಸ್ತುಗಳನ್ನು ಸೇರಿಸಿರುವುದರಿಂದ ಅವು ಹಾಲು ಅನ್ನಕ್ಕಿಂತ ಬೆಕ್ಕಿನ ದೇಹಕ್ಕೆ ಹಿತವೆಂಬುದನ್ನು ಒಪ್ಪಬೇಕು. ಆದರೆ ಒಂದೇ ರುಚಿಯಲ್ಲಿ ಬೆಳೆದ ಮರಿ ದೊಡ್ಡದಾದ ಮೇಲೆ ಬೇರೊಂದನ್ನು ಮುಟ್ಟದೆ ಹೋಗಬಹುದು. ಹಲವು ರುಚಿ ಕಂಡುದು ಹೊಸದನ್ನೇ ಬಯಸಬಹುದು. ಎರಡಕ್ಕೂ ಸಾಕಿದವರೇ ಹೊಣೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹಸಿದರೆ ತಾನೇ ತಿನ್ನುತ್ತದೆ, ಉಪವಾಸ ಕೆಡವಿದರೆ ಮದ ಇಳಿಯುತ್ತದೆ ಎಂಬುದು ಹಿರಿಯರು ಹೇಳುವ ಉಪಾಯ. ಹಿರಿಯರ ಕಾಲದಲ್ಲಿ ಅದು ಸರಿಯೇ ಆಗಿತ್ತು. ಆ ಬೆಕ್ಕಿಗೆ ಹೊರಗೆ ಬೇರೆ ಊಟವಿತ್ತು. ಇಂದಿನ ಮುಚ್ಚಿದ ಮನೆಯ ಕೊಬ್ಬಿದ ಬೆಕ್ಕು ಕೆಲವೇ ದಿನ ನಿರಾಹಾರವಾಗಿದ್ದರೂ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿ ಪ್ರಾಣಾಪಾಯವಾಗುವುದುಂಟು. ಹಲ್ಲುನೋವು, ಮೂತ್ರಪಿಂಡದ ರೋಗ ಮೊದಲಾದುವೂ ಊಟ ಬಿಡುವುದರಿಂದಲೇ ಮೊದಲು ಕಾಣಿಸಿಕೊಳ್ಳುತ್ತವೆ. ಚರಿತ್ರೆಯನ್ನು ಅರಿಯದೆ ಹಳೆಯ ಉಪಾಯವನ್ನು ಹೊಸ ಸ್ಥಿತಿಗೆ ಅನ್ವಯಿಸಿದರೆ ಬುಟ್ಟಿಯಡಿಯ ಬೆಕ್ಕಿನ ಕಥೆಯೇ ಮತ್ತೆ ನಡೆದಂತಾಗುತ್ತದೆ. ಆ ಕಥೆಯಲ್ಲಿ ಹೋಗುವುದು ಮಾನ, ಇಲ್ಲಿ ಜೀವ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಸಾಸ್ತಾನದಂತಹ ಅಕ್ಕಿ ಮೀನುಗಳ ನಾಡಿನಲ್ಲಿ ಬೆಕ್ಕು ಮನೆಯ ಕಾವಲುಗಾರನಾಗಿ ಬಂದಿತು. ಅದರ ಸಂಬಳ ಅಟ್ಟದಲ್ಲಿಯೇ ಇತ್ತು. ಅಡಿಗೆಮನೆಯ ತುತ್ತು ಮೇಲಿನ ಇನಾಮು ಮಾತ್ರ. ಪಣತ ಬರಿದಾಗಿ, ಮರಳುದಂಡೆ ಬರಿದಾಗಿ, ಬಾಗಿಲು ಮುಚ್ಚಿದ ಮೇಲೆ ಇನಾಮೇ ಸಂಬಳವಾಯಿತು. ಆಗ ಬೆಕ್ಕಿನ ಹಳೆಯ ಆಯ್ಕೆಯು ಮದವೆಂಬ ಹೊಸ ಹೆಸರನ್ನು ಪಡೆಯಿತು. ಅದು ತಿನ್ನುವುದೂ ಬಿಡುವುದೂ ಮನುಷ್ಯನು ಕಲಿಸಿದ ಪಾಠಕ್ಕೂ ತನ್ನ ದೇಹಧರ್ಮಕ್ಕೂ ಅನುಗುಣವಾಗಿಯೇ ಇದೆ.

ಗ್ರಾಮಗಳ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಶಾಸನದ ಮುಡಿ, ಗೇಣಿಯ ಚೀಟು, ಬಂದರಿನ ಲೆಕ್ಕ ಇವುಗಳ ಜೊತೆಗೆ ಮನೆಯೊಳಗಿನ ಸಣ್ಣ ಸಂಗತಿಗಳನ್ನೂ ಸಂಗ್ರಹಿಸಬೇಕೆಂಬುದು ನಮ್ಮ ಸೂಚನೆ. ಪಣತವಿದ್ದ ಮನೆಗಳನ್ನು ಕಂಡ ಹಿರಿಯರು ಇನ್ನೂ ಕೆಲವರು ನಮ್ಮೊಡನಿದ್ದಾರೆ. ಬೆಕ್ಕಿಗೆ ಏನು ಹಾಕುತ್ತಿದ್ದಿರಿ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟರೆ, ತಮ್ಮ ಮನೆಯಲ್ಲಿ ಎಷ್ಟು ಮುಡಿ ಅಕ್ಕಿಯಿತ್ತು, ಯಾರು ಒಳಗೆ ಬರುತ್ತಿದ್ದರು, ಯಾರು ಅಂಗಳದಲ್ಲಿ ನಿಲ್ಲುತ್ತಿದ್ದರು ಎಂಬುದನ್ನೂ ಅವರು ಹೇಳುವರು. ಅವರು ಇರುವಾಗಲೇ ಈ ಪ್ರಶ್ನೆಯನ್ನು ಕೇಳುವ ಕೆಲಸ ನಡೆಯಬೇಕಾಗಿದೆ.